ಮೊಣಕೈ ತಿರುವಿನ ಕಲ್ಲು

ಖೂಬ್‌ರಾಮನಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಅವನ ಹೆಂಡತಿ ಹಿರ್ಮಾ, ಇನ್ನೊಬ್ಬ ಟಿಕಮ್. ಖೂಬ್‌ರಾಮನನ್ನೂ ಸೇರಿಸಿಕೊಂಡು ಮೂವರು ಎನ್ನಬಹುದಿತ್ತು. ಆದರೆ ಅವನು ಆ ಸಂಗತಿಯನ್ನು ತನಗೆ ತಾನು ಹೇಳಿಕೊಂಡಿದ್ದನೋ ಇಲ್ಲವೋ, ಟಿಕಮ್‌ಗೆ ಬಹಳ ಕಾಲ ತಿಳಿಯಲಿಲ್ಲ.

ಟಿಕಮ್‌ಗೆ ತಿಳಿಯದ ಸಂಗತಿಗಳು ಬೇರೆಯೂ ಬೇಕಾದಷ್ಟಿದ್ದವು. ಇಪ್ಪತ್ತಾರು ವಯಸ್ಸು, ರಾಜ್ಯಶಾಸ್ತ್ರದಲ್ಲಿ ಬಿ.ಎ., ಪೊಲೀಸ್ ನೇಮಕಾತಿಯ ಓಟದಲ್ಲಿ ಎರಡು ಸಲವೂ ಕೊನೆಯವನು. ಎರಡನೆಯ ಸಲ ಅವನ ಹಿಂದೊಂದು ನಾಯಿ ಓಡಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ದಾಟಿ ಹೋಯಿತು. ಕಡೆಗೆ ಬಜಾರಿನ ಗ್ಯಾಸ್ ಏಜೆನ್ಸಿಯಲ್ಲಿ ಡ್ರೈವರ್ ಕೆಲಸ ಸಿಕ್ಕಿತು. ಸಿಲಿಂಡರಿನಲ್ಲಿ ಹದಿನಾಲ್ಕು ಕಿಲೋ ಗ್ಯಾಸ್ ಇರುತ್ತದೆಂದು ಅವನು ಓದಿ ಬಲ್ಲ. ಕಬ್ಬಿಣಕ್ಕೂ ತೂಕವಿದೆ ಎಂಬುದನ್ನು ಮೊದಲ ದಿನ ಸೊಂಟ ತಿಳಿಸಿತು.

"ಮೂರು ತಿಂಗಳು ಖೂಬ್‌ರಾಮನ ಪಕ್ಕ ಕೂತು ದಾರಿ ಕಲಿ" ಎಂದಿದ್ದರು ಮ್ಯಾನೇಜರ್ ಸೂದ್ ಸಾಹೇಬರು. "ಆಮೇಲೆ ನಿನ್ನ ಕೈಗೆ ಗಾಡಿ."

ಖೂಬ್‌ರಾಮ್ ಐವತ್ತೆಂಟರ ಆಳು. ಬೆಟ್ಟದ ಮೇಲಿನ ಧಾರಾಗಿ ಎಂಬ ಊರಿನವನು. ಧಾರಾಗಿಗೆ ರಸ್ತೆಯಿಲ್ಲದ ಕಾಲದಲ್ಲಿ ಸಿಲಿಂಡರನ್ನು ಬೆನ್ನಿಗೆ ಹಗ್ಗದಿಂದ ಬಿಗಿದುಕೊಂಡು ಹತ್ತುತ್ತಿದ್ದ. ಇಡೀ ಊರಿಗೆ ಮೊದಲ ಬಾರಿ ಗ್ಯಾಸ್ ಒಲೆ ಹಚ್ಚಿ ತೋರಿಸಿದವನು ಅವನೇ. ಆ ದಿನ ಮುದುಕಿಯೊಬ್ಬಳು ನೀಲಿ ಬೆಂಕಿಗೆ ಕೈ ಮುಗಿದು, ಇದಕ್ಕೆ ಹೊಗೆಯೇ ಇಲ್ಲವಲ್ಲ, ಮಾಂಸ ಒಣಗಿಸುವುದು ಹೇಗೆ ಎಂದು ಕೇಳಿದ್ದಳಂತೆ. ರಸ್ತೆ ಬಂದ ಮೇಲೆ ಏಜೆನ್ಸಿಯವರು ನೀಲಿ ಪಿಕಪ್ ಕೊಟ್ಟರು. ಅಲ್ಲಿಂದ ಇಪ್ಪತ್ತೊಂದು ಚಳಿಗಾಲ ಅವನು ಸ್ಟಿಯರಿಂಗ್ ಬಿಟ್ಟಿರಲಿಲ್ಲ. ಯಾವ ಮನೆಯ ಸಿಲಿಂಡರ್ ಎಷ್ಟು ದಿನ ಬರುತ್ತದೆ ಎಂಬುದು ಅವನ ಬಾಯಲ್ಲಿತ್ತು.

"ಬೇಗ ಖಾಲಿ ಆಯ್ತು ಅಂದ್ರೆ ಮನೆಗೆ ನೆಂಟರು ಬಂದಿದಾರೆ" ಎನ್ನುತ್ತಿದ್ದ. "ತಡ ಆಯ್ತು ಅಂದ್ರೆ ಗಂಡ ಹೆಂಡ್ತಿ ಜಗಳ. ಅಂಥ ಮನೇಲಿ ನಿಲ್ಬೇಡ, ಇಳಿಸು, ಖಾಲೀದು ಎತ್ಕೋ, ಹೊರಡು."

ಬೆಳಿಗ್ಗೆ ಹೆಂಡತಿ ಬೇಯಿಸಿ ಕೊಟ್ಟ ಸಿಡ್ಡು ಎಂಬ ಗೋಧಿ ಕಡುಬುಗಳನ್ನು ಬಟ್ಟೆಯಲ್ಲಿ ಸುತ್ತಿ ಎಂಜಿನ್ನಿನ ಪಕ್ಕದ ಸಂದಿಗೆ ತುರುಕುತ್ತಿದ್ದ. ಹನ್ನೊಂದು ಗಂಟೆಗೆ ಬಾನೆಟ್ ಎತ್ತಿದರೆ ಅವು ಒಲೆಯಿಂದ ಈಗ ಇಳಿಸಿದಂತೆ ಹಬೆಯಾಡುತ್ತಿದ್ದವು. ಒಳಗಿನ ಅಕ್ರೋಟಿನ ಹೂರಣಕ್ಕೆ ಒಂಚೂರು ಡೀಸೆಲ್ಲಿನ ವಾಸನೆ. ಟಿಕಮ್ ಮೊದಮೊದಲು ಅರ್ಧ ತಿಂದು ಇಟ್ಟುಬಿಡುತ್ತಿದ್ದ. ಆಮೇಲೆ ಮನೆಯ ಸಿಡ್ಡು ಸಪ್ಪೆಯೆನಿಸತೊಡಗಿತು.

ಹಿಮದ ಪಾಠವನ್ನೂ ಅವನು ಹೀಗೇ ಮಾಡಿದ. ಮೊದಲ ಹಿಮ ಬಿದ್ದ ದಿನ, ಕಲಿಯಲೆಂದು ಸ್ಟಿಯರಿಂಗ್ ಹಿಡಿದಿದ್ದ ಟಿಕಮ್ ಇಳಿಜಾರಿನಲ್ಲಿ ಬ್ರೇಕ್ ತುಳಿದ. ಗಾಡಿ ನಿಲ್ಲದೆ ಮದುವೆಯಲ್ಲಿ ಕುಡಿದವನ ಹಾಗೆ ಅಡ್ಡಡ್ಡ ಹೊರಟಿತು. ಟಿಕಮ್ ಕಣ್ಣು ಮುಚ್ಚಿಕೊಂಡ. ತೆರೆದಾಗ ಗಾಡಿ ಹಿಮದ ಗುಡ್ಡೆಗೆ ಮೂತಿ ಹೂತು ನಿಂತಿತ್ತು, ಸ್ಟಿಯರಿಂಗಿನ ಮೇಲೆ ಉಸ್ತಾದ್ ಖೂಬ್‌ರಾಮನ ಕೈಯಿತ್ತು.

"ಬಿ.ಎ.," ಎಂದ ಖೂಬ್‌ರಾಮ್. ಅವನು ಟಿಕಮ್‌ನ ಹೆಸರು ಹಿಡಿದು ಕರೆದದ್ದೇ ಇಲ್ಲ. "ಹಿಮದಲ್ಲಿ ಬ್ರೇಕ್ ಅನ್ನೋದು ಹೆಂಡ್ತಿ ತಮ್ಮ ಇದ್ದ ಹಾಗೆ. ಕರೀಬೇಡ. ಕರೆದ್ರೆ ಬಂದೇ ಬರ್ತಾನೆ. ಬಂದ್ರೆ ಮನೆ ಹಾಳು."

"ಮತ್ತೆ ನಿಲ್ಲಿಸೋದು ಹೇಗೆ ಉಸ್ತಾದ್?"

ಖೂಬ್‌ರಾಮ್ ಕಿಟಕಿಯಾಚೆ ನೋಡುತ್ತಿದ್ದ. ಟಿಕಮ್ ಇನ್ನೊಮ್ಮೆ ಕೇಳಿದ. ಆಗಲೂ ಉತ್ತರವಿಲ್ಲ. ಪ್ರಶ್ನೆಯೇ ದಡ್ಡತನದ್ದಿರಬೇಕು ಎಂದುಕೊಂಡು ಟಿಕಮ್ ಸುಮ್ಮನಾದ. ಅದು ಅವನ ಹಳೆಯ ಅಭ್ಯಾಸ. ಯಾರಾದರೂ ಉತ್ತರ ಕೊಡದಿದ್ದರೆ ತಪ್ಪು ತನ್ನದೇ ಎಂದುಕೊಳ್ಳುವವನಿಗೆ ಇನ್ನೊಬ್ಬನ ಕಿವಿಯ ಮೇಲೆ ಅನುಮಾನ ಪಡಲು ಎರಡು ತಿಂಗಳು ಬೇಕಾಯಿತು.

ಅನುಮಾನ ಹುಟ್ಟಿಸಿದ್ದು ಚಕ್ರದ ಸರಪಳಿ. ಹಿಂದಿನ ಚಕ್ರಕ್ಕೆ ಕಟ್ಟಿದ್ದರ ಒಂದು ಕೊಂಡಿ ಹರಿದು, ಪ್ರತಿ ಸುತ್ತಿಗೂ ಮಡ್‌ಗಾರ್ಡಿಗೆ ಬಡಿಯತೊಡಗಿತು. ಸತ್ತವರು ಎದ್ದು ಕೂರುವಂಥ ಸದ್ದು. ಖೂಬ್‌ರಾಮ್ ಮಾತ್ರ ತನ್ನ ಸೋದರಮಾವನ ಹೇಸರಗತ್ತೆಯ ಕತೆ ಹೇಳುತ್ತ ಆರಾಮಾಗಿ ಓಡಿಸುತ್ತಿದ್ದ. ಟಿಕಮ್ ಭುಜ ಮುಟ್ಟಿದ. ಖೂಬ್‌ರಾಮ್ ತಟ್ಟನೆ ಕತೆ ನಿಲ್ಲಿಸಿ ಅವನ ಬಾಯಿ ನೋಡಿದ. ಆಮೇಲೆ ಅಂಗೈಯನ್ನು ಗೇರಿನ ಕೋಲಿನ ಮೇಲಿಟ್ಟ.

"ಗೊತ್ತು, ಗೊತ್ತು. ಸರಪಳಿ. ಊರು ಬರ್ಲಿ ಅಂತ ಕಾಯ್ತಿದ್ದೆ" ಎಂದ. "ಗಾಡಿ ಮಾತಾಡಿದ್ದು ಕೈಗೆ ಕೇಳುತ್ತೆ ಕಣೋ. ಕಿವಿ ಯಾಕೆ ಬೇಕು."

ಅದೇ ಮಧ್ಯಾಹ್ನ ಅವನ ಮನೆಯಲ್ಲಿ ಊಟ. ಧಾರಾಗಿಯ ಮನೆಗಳೆಲ್ಲ ಕಲ್ಲು ಮರ ಒಂದರ ಮೇಲೊಂದು ಪೇರಿಸಿ ಕಟ್ಟಿದವು, ನೆಲ ದೇವದಾರು ಹಲಗೆಯದು. ಖೂಬ್‌ರಾಮ್ ಬೆನ್ನು ತಿರುಗಿಸಿ ಕೂತು ಹಗ್ಗ ಹೊಸೆಯುತ್ತಿದ್ದ. ಟಿಕಮ್ ಚಿಕ್ಕಮ್ಮನೆಂಬಂತೆ ಚಾಚಿ ಎನ್ನುತ್ತಿದ್ದ ಹಿರ್ಮಾ ಅನ್ನದ ತಪ್ಪಲೆ ಇಳಿಸಿದಳು, ಗಂಡನನ್ನು ಕರೆಯಲಿಲ್ಲ. ಬಲಗಾಲನ್ನೆತ್ತಿ ನೆಲಕ್ಕೆ ಎರಡು ಸಲ ಬಡಿದಳು. ಹಲಗೆ ನಡುಗಿತು. ಖೂಬ್‌ರಾಮ್ ತಿರುಗಿದ.

ಅವನು ಕೈ ತೊಳೆಯಲು ಹೊರಹೋದಾಗ ಚಾಚಿ ಟಿಕಮ್‌ನ ಮುಖ ನೋಡಿದಳು.

"ಗೊತ್ತಾಯ್ತು ಅಲ್ವಾ ನಿಂಗೆ?"

"ಎಷ್ಟು ದಿನದಿಂದ ಚಾಚಿ?"

"ಎರಡು ವರ್ಷ. ಅವರು ನಂಗೆ ಹೇಳಿಲ್ಲ, ನಾನೂ ಕೇಳಿಲ್ಲ. ಒಂದಿನ ಕರೆದು ಕರೆದು ಸಿಟ್ಟು ಬಂದು ನೆಲಕ್ಕೆ ಒದ್ದೆ. ತಿರುಗಿದ್ರು. ಅವತ್ತಿಂದ ಹೀಗೇ." ಅನ್ನದ ಮೇಲೆ ತುಪ್ಪ ಸುರಿಯುತ್ತ ಹೇಳಿದಳು. "ಸೂದ್ ಸಾಹೇಬರಿಗೆ ಗೊತ್ತಾದ್ರೆ ಅವತ್ತೇ ಗಾಡಿಯಿಂದ ಇಳಿಸ್ತಾರೆ. ಇಳಿಸಿದ್ರೆ ಈ ಮನುಷ್ಯ ಒಲೆ ಮುಂದೆ ಕೂತು ಆರು ತಿಂಗಳು ಬಾಳಲ್ಲ. ನೀನು ಓದಿದವ್ನು. ಬಾಯಿ ಬಿಡ್ಬೇಡ ಮಗಾ."

"ಬಿಡಲ್ಲ" ಎಂದ ಟಿಕಮ್. ಅವನು ಬದುಕಿನಲ್ಲಿ ಉಳಿಸಿಕೊಂಡ ಮಾತುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಇದು ಅವುಗಳಲ್ಲೊಂದು.

ಮೂರು ತಿಂಗಳು ಕಳೆದು ಅವನ ಕೈಗೆ ಬೇರೆ ಪಿಕಪ್ ಬಂತು. ದಾರಿ ಅದೇ. ಖೂಬ್‌ರಾಮ್ ನಸುಕಿಗೇ ಬಜಾರಿಗಿಳಿದು ಗಾಡಿ ತುಂಬಿ, ಬೆಳಿಗ್ಗೆಯೇ ನೇರ ಧಾರಾಗಿಗೆ ಹತ್ತುವುದು. ಟಿಕಮ್ ಕೆಳಗಿನ ಬಡೋಣದಲ್ಲಿ ಹಂಚಿ, ಆಮೇಲೆ ಮೇಲೆ ಹೋಗಿ ಧಾರಾಗಿಯ ಆಚೆ ಕೇರಿಗೆ ಕೊಡುವುದು. ಎರಡೂ ಊರಿನ ನಡುವೆ ಮೊಣಕೈ ತಿರುವು. ಅಲ್ಲಿಂದ ಮೇಲೆ ಅರ್ಧ ಕಿಲೋಮೀಟರು, ಚಳಿಗಾಲದಲ್ಲಿ ಎರಡೂ ಬದಿಗೆ ಎದೆಮಟ್ಟ ಹಿಮದ ಗೋಡೆ. ಒಂದೇ ಗಾಡಿಗೆ ಜಾಗ. ಹೊರಬದಿಯ ಹಿಮದ ಗೋಡೆಯಾಚೆ ನೆಲವಿಲ್ಲ. ಹತ್ತುವವನು ತಿರುವಿನಲ್ಲಿ ಮೂರು ಸಲ ಉದ್ದಕ್ಕೆ ಹಾರ್ನ್ ಹೊಡೆಯಬೇಕು. ಮೇಲಿಂದ ಉತ್ತರದ ಹಾರ್ನ್ ಬಂದರೆ ನಿಲ್ಲಬೇಕು. ಬರದಿದ್ದರೆ ದಾರಿ ಖಾಲಿ.

ಟಿಕಮ್‌ಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತು 'ಬರ್ತಿದೆ ಉಸ್ತಾದ್' ಎಂದು ಭುಜ ತಟ್ಟುವವರು ಈಗ ಯಾರೂ ಇಲ್ಲ. ಒಂದು ವಾರ ಅವನು ಬಡೋಣದಲ್ಲಿ ಬೇಕೆಂದೇ ತಡಮಾಡಿ, ನೀಲಿ ಗಾಡಿ ಇಳಿದು ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಹತ್ತಿದ. "ಈ ಬಿ.ಎ. ಹುಡುಗಂಗೆ ಒಂದೊಂದು ಸಿಲಿಂಡರ್ ಇಳ್ಸೋಕೂ ಪಂಚಾಂಗ ನೋಡ್ಬೇಕು" ಎಂದು ಬಡೋಣದ ಹೆಂಗಸರು ಆಡಿಕೊಂಡರು.

ಅಷ್ಟರಲ್ಲಿ ಸಂಕ್ರಾಂತಿ ಬಂತು, ದೇವರುಗಳು ಹೊರಟರು.

ಪ್ರತಿ ವರ್ಷದಂತೆ ನಲವತ್ತೆರಡು ದಿನ, ಸ್ವರ್ಗದ ಸಭೆಗೆ. ಅವರು ಅಲ್ಲಿ ಕಣ್ಣುಮುಚ್ಚಿ ಕೂತಿರುವಾಗ ಇಲ್ಲಿ ಕೆಳಗೆ ಸದ್ದು ಕೂಡದು. ಗುಡಿಯ ಗಂಟೆಗಳ ನಾಲಿಗೆಗೆ ಬಟ್ಟೆ ಸುತ್ತುತ್ತಾರೆ. ಟಿ.ವಿ. ಮುಖ ಗೋಡೆಗೆ. ನೆಲ ಅಗೆಯುವಂತಿಲ್ಲ, ಕೂಗಿ ಕರೆಯುವಂತಿಲ್ಲ. ಗ್ಯಾಸ್ ಗಾಡಿ ಊರೊಳಗೆ ಹಾರ್ನ್ ಹೊಡೆಯುವಂತಿಲ್ಲ, ಊರಿನ ಮೇಲಿನ ಕೆಳಗಿನ ತಿರುವುಗಳಲ್ಲೂ ಇಲ್ಲ. ಸಿಲಿಂಡರ್ ಬೇಕಾದವರು ಕಿಟಕಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಎರಡು ಕುಟುಂಬಗಳು ಆ ನಲವತ್ತೆರಡು ದಿನ ಪಿಸುಮಾತಿನಲ್ಲೇ ಜಗಳವಾಡಿ, ಕೊನೆಗೆ ನಗು ಬಂದು ರಾಜಿಯಾದದ್ದೂ ಉಂಟು.

ಹಾರ್ನ್ ಇಲ್ಲದ ಮೇಲೆ ಮೊಣಕೈ ತಿರುವಿಗೆ ಹಿಂದಿನ ಡ್ರೈವರುಗಳು ಮಾಡಿಟ್ಟ ದಾರಿಯೊಂದಿತ್ತು. ಹತ್ತುವವನು ತಿರುವಿನಲ್ಲಿ ಇಳಿದು, ಮೋಟುಗೋಡೆಯ ಹಿಮ ಒರೆಸಿ, ಅದರ ಮೇಲೊಂದು ಕಲ್ಲಿಡಬೇಕು. ಮೇಲೆ ಗಾಡಿಯಿದೆ ಎಂದು ಅರ್ಥ. ಹಿಂದೆ ಬಂದವನು ಕಲ್ಲು ಕಂಡರೆ ಎಂಜಿನ್ ನಿಲ್ಲಿಸಿ ಕಾಯಬೇಕು. ಇಟ್ಟವನು ಇಳಿದು ಬಂದಾಗ ತಾನೇ ಕಲ್ಲು ತೆಗೆಯಬೇಕು. ಬೇರೆ ಯಾರೂ ಮುಟ್ಟುವಂತಿಲ್ಲ.

ಆ ನಲವತ್ತೆರಡು ದಿನ ಇಡೀ ಕಣಿವೆಯೇ ಖೂಬ್‌ರಾಮನಾಯಿತು. ಯಾರೂ ಕರೆಯುವುದಿಲ್ಲ, ಯಾರೂ ಓಗೊಡುವುದಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ, ಕೈ ಸನ್ನೆಯಲ್ಲಿ ಮಾತಾಡುವವರೇ. ಇಪ್ಪತ್ತೊಂದು ವರ್ಷದ ಜಾಣ ಡ್ರೈವರ್ ಮತ್ತೆ ಎಲ್ಲರಿಗಿಂತ ಜಾಣನಾದ. ಟಿಕಮ್ ಬೆಳಿಗ್ಗೆ ತಿರುವಿಗೆ ಬರುವಾಗ ಮೋಟುಗೋಡೆಯ ಮೇಲೆ ಉಸ್ತಾದನ ಕಲ್ಲಿರುತ್ತಿತ್ತು: ಕಪ್ಪನೆಯದು, ಒಂದೇ ಕಲ್ಲು, ಅದನ್ನು ಅವನು ಸೀಟಿನ ಕೆಳಗೆ ಇಟ್ಟುಕೊಂಡೇ ತಿರುಗುತ್ತಿದ್ದ. ಟಿಕಮ್ ಕಾಯುತ್ತಿದ್ದ. ನೀಲಿ ಗಾಡಿ ಖಾಲಿ ಸಿಲಿಂಡರು ಹೊತ್ತು ಇಳಿದು ಬರುತ್ತಿತ್ತು. ಖೂಬ್‌ರಾಮ್ ಕಲ್ಲು ಎತ್ತಿಕೊಂಡು, ಕಿಟಕಿಯಿಂದ ಒಂದು ಬಿಸಿ ಸಿಡ್ಡು ಚಾಚುತ್ತಿದ್ದ. ಟಿಕಮ್‌ಗೆ ಆ ದಿನಗಳಲ್ಲಿ ಒಳ್ಳೆ ನಿದ್ದೆ ಬಂತು. ದೇವರುಗಳು ಇನ್ನೊಂದು ತಿಂಗಳು ಅಲ್ಲೇ ಇರಲಿ ಎಂದು ಬೇಡಿಕೊಂಡ. ಯಾರನ್ನು ಬೇಡಿಕೊಳ್ಳುವುದು ಎಂಬುದು ಮಾತ್ರ ತೋಚಲಿಲ್ಲ, ಬೇಡಿಕೊಳ್ಳಬೇಕಾದವರೆಲ್ಲ ಊರಲ್ಲಿರಲಿಲ್ಲ.

ಫಾಲ್ಗುಣದಲ್ಲಿ ದೇವರುಗಳು ಹೇಳಿದ ದಿನಕ್ಕೇ ಮರಳಿದರು. ಅವರು ಹೊರಡುವಾಗ ಗುಡಿಯಲ್ಲಿ ಹಾಸಿದ್ದ ಮಣ್ಣಿನ ಪದರ ತೆಗೆದು ವರ್ಷಫಲ ನೋಡಿದಾಗ ಸೇಬಿನ ಎಲೆ ಸಿಕ್ಕಿತು. ಈ ವರ್ಷ ಒಳ್ಳೆ ಬೆಳೆ ಎಂದು ಎಲ್ಲರೂ ಹಿಗ್ಗಿದರು. ಡ್ರೈವರುಗಳ ಬಗ್ಗೆ ಯಾರೂ ಕೇಳಲಿಲ್ಲ. ಗಂಟೆಗಳ ಬಟ್ಟೆ ಬಿಚ್ಚಿದರು. ಮಾರನೆಯ ಬೆಳಿಗ್ಗೆ ಕಣಿವೆಯ ತುಂಬ ಹಾರ್ನೋ ಹಾರ್ನು. ಹಾಲಿನ ಗಾಡಿ, ಬಸ್ಸು, ಜೀಪು, ಕಾರಣವಿದ್ದವರು, ಇಲ್ಲದವರು, ಎಲ್ಲರೂ ಒತ್ತಿದ್ದೇ ಒತ್ತಿದ್ದು. ಟಿಕಮ್ ಕೂಡ ಬಡೋಣದ ಚೌಕದಲ್ಲಿ ಒಂದು ಪೂರ್ತಿ ನಿಮಿಷ ಹೆಬ್ಬೆರಳು ತೆಗೆಯಲಿಲ್ಲ. ಹೆಂಗಸರು ಖಾಲಿ ಸಿಲಿಂಡರ್ ಉರುಳಿಸಿಕೊಂಡು ಓಡಿಬಂದರು. "ಸಾಕು ಮಾರಾಯ, ನಿನ್ನ ಮದುವೆ ದಿಬ್ಬಣ ಅಲ್ಲ ಇದು" ಎಂದಳೊಬ್ಬಳು. "ಹೆಣ್ಣು ನೋಡಿ ಕೊಡು, ಆಮೇಲೆ ಇನ್ನೂ ಹೊಡೀತೀನಿ" ಎಂದ ಟಿಕಮ್. ಎಲ್ಲರೂ ನಕ್ಕರು. ಅವನಿಗೆ ತಾನು ಬಹಳ ಚುರುಕಿನವನು ಎನಿಸಿತು. ಹಾಗೆನಿಸಿದ ದಿನಗಳಲ್ಲಿ ಅವನು ಯಾವಾಗಲೂ ಹುಷಾರಾಗಿರಬೇಕಿತ್ತು.

ಅದೇ ಲಹರಿಯಲ್ಲಿ ಮೊಣಕೈ ತಿರುವಿಗೆ ಬಂದ. ರಾತ್ರಿ ಎರಡು ಬೆರಳು ಹೊಸ ಹಿಮ ಬಿದ್ದಿತ್ತು. ಮೋಟುಗೋಡೆಯ ಮೇಲೆ ಕಪ್ಪು ಕಲ್ಲು. ಅದರ ಮೇಲೆ ಹಿಮವಿಲ್ಲ, ಬೆಳಿಗ್ಗೆ ಇಟ್ಟದ್ದು.

ಟಿಕಮ್ ನಕ್ಕ. ಉಸ್ತಾದನಿಗೆ ದೇವರು ಬಂದದ್ದೇ ಗೊತ್ತಿಲ್ಲ, ಹಳೇ ಚಾಳಿಯಲ್ಲಿ ಇಟ್ಟುಬಿಟ್ಟಿದ್ದಾನೆ ಎಂದುಕೊಂಡ. ಮೂರು ಸಲ ಉದ್ದಕ್ಕೆ ಹಾರ್ನ್ ಹೊಡೆದ. ಕಿಟಕಿ ಇಳಿಸಿ ಕಿವಿಗೊಟ್ಟ. ಮೇಲಿಂದ ಉತ್ತರ ಬರಲಿಲ್ಲ. ಉತ್ತರ ಬರದಿದ್ದರೆ ದಾರಿ ಖಾಲಿ. ಮೊದಲನೇ ಗೇರಿಗೆ ಹಾಕಿ ಹತ್ತಿದ.

ಹಿಮದ ಗೋಡೆಗಳ ನಡುವೆ ಇನ್ನೂರು ಗಜ ಹೋಗಿರಬೇಕು. ಮೇಲಿನ ಬಾಗಿನಿಂದ ನೀಲಿ ಮೂತಿ ಕಾಣಿಸಿತು. ಅದು ಕಂಡ ಮೇಲೆಯೇ ಟಿಕಮ್‌ಗೆ ತಾನು ಯಾರಿಗೆ ಹಾರ್ನ್ ಹೊಡೆದು ಬಂದೆ ಎಂಬುದು ಹೊಳೆದದ್ದು.

ಖೂಬ್‌ರಾಮ್ ಬ್ರೇಕ್ ತುಳಿಯಲಿಲ್ಲ. ತಾನು ಕಲಿಸಿದ ಪಾಠವನ್ನು ಆ ಗಳಿಗೆಯಲ್ಲೂ ಮೀರಲಿಲ್ಲ; ಗೇರ್ ಇಳಿಸಿ, ಗಾಡಿಯನ್ನು ಬೆಟ್ಟದ ಬದಿಯ ಹಿಮಕ್ಕೆ ತಿರುಗಿಸಿದ. ಮೂತಿ ಹಿಮಕ್ಕೆ ಹೊಕ್ಕಿತು. ಆದರೆ ಖಾಲಿ ಸಿಲಿಂಡರಿನ ಗಾಡಿ, ಹಿಂದೆ ಭಾರವಿಲ್ಲ. ಬಾಲ ಗಿರಕಿ ಹೊಡೆದು ಹೊರಬದಿಯ ಗೋಡೆ ಒಡೆಯಿತು. ಟಿಕಮ್‌ನ ಗಾಡಿಗೆ ಒಂದು ಗೀರೂ ಆಗಲಿಲ್ಲ. ಅವನ ಕಣ್ಣೆದುರಿಗೆ ನೀಲಿ ಗಾಡಿ ನಿಧಾನ, ಬಹಳ ನಿಧಾನವಾಗಿ ಹಿಂದಕ್ಕೆ ವಾಲಿ ಮರೆಯಾಯಿತು.

ಆಮೇಲೆ ಸಿಲಿಂಡರುಗಳ ಸದ್ದು. ಇಪ್ಪತ್ತೆಂಟು ಖಾಲಿ ಸಿಲಿಂಡರುಗಳು ಬಂಡೆಯಿಂದ ಬಂಡೆಗೆ ಬಡಿಯುತ್ತ, ಗುಡಿಯ ಗಂಟೆಗಳ ಹಾಗೆ ಒಂದೊಂದೂ ಒಂದೊಂದು ದನಿಯಲ್ಲಿ ಮೊಳಗುತ್ತ, ಕೆಳಗಿನ ಹೊಳೆಯವರೆಗೂ ಹೋದವು. ಬಡೋಣದವರು ಇವತ್ತಿಗೂ ಆ ಸದ್ದಿನ ಮಾತಾಡುತ್ತಾರೆ.

ಗಾಡಿ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದ ಸೇಬಿನ ತೋಟದ ಮೊದಲ ಮೆಟ್ಟಿಲಲ್ಲಿ ಮರಕ್ಕೆ ಸಿಕ್ಕಿಕೊಂಡಿತ್ತು. ಖೂಬ್‌ರಾಮನಿಗೆ ಸೊಂಟ, ಎರಡು ಪಕ್ಕೆಲುಬು, ಬಲತೊಡೆ ಮುರಿದಿದ್ದವು. ಪ್ರಜ್ಞೆಯಿತ್ತು. ಟಿಕಮ್ ಹಿಮದಲ್ಲಿ ಜಾರುತ್ತ ಉರುಳುತ್ತ ಬಂದು ಅವನ ತಲೆ ತೊಡೆಯ ಮೇಲಿಟ್ಟುಕೊಂಡ.

"ಹಾರ್ನ್ ಯಾಕೆ ಹೊಡೀಲಿಲ್ವೋ?" ಎಂದ ಖೂಬ್‌ರಾಮ್.

ಮೂರನೆಯ ದಿನ ಆಸ್ಪತ್ರೆಗೆ ಸೂದ್ ಸಾಹೇಬರು ಬಂದರು, ಜೊತೆಗೆ ನೋಕ್‌ಸಿಂಗ್. ನೋಕ್‌ಸಿಂಗ್ ಹಾಲಿನ ಗಾಡಿಯ ಡ್ರೈವರ್, ಡ್ರೈವರುಗಳ ಸಂಘದ ಹಿರಿಯ. ಹಿರ್ಮಾ ಚಾಚಿ ಮಂಚದ ಕಾಲಬದಿಗೆ ನಿಂತಿದ್ದಳು.

"ಹತ್ತೋನು ಹಾರ್ನ್ ಹೊಡೀಲಿಲ್ಲ ಸಾಬ್" ಎಂದ ಖೂಬ್‌ರಾಮ್, ವಾರ್ಡೆಲ್ಲ ತಿರುಗಿ ನೋಡುವಷ್ಟು ಜೋರಾಗಿ. "ಹೊಡೆದಿದ್ರೆ ನಾನು ಮೇಲೇ ನಿಲ್ತಿದ್ದೆ."

"ಹೌದೇನೋ?" ಎಂದು ಸಾಹೇಬರು ಟಿಕಮ್‌ನತ್ತ ತಿರುಗಿದರು. "ಹೊಡೆದ್ಯೋ ಇಲ್ವೋ? ಇವತ್ತು ಒಂದು ತೀರ್ಮಾನ ಆಗ್ಲೇಬೇಕು."

ಹೊಡೆದೆ ಎನ್ನಬಹುದಿತ್ತು. ಆ ಬೆಳಿಗ್ಗೆ ಕಣಿವೆಯ ತುಂಬ ಎಲ್ಲರೂ ಹೊಡೆಯುತ್ತಿದ್ದರು, ಯಾವುದು ಯಾರದೆಂದು ಹೇಳುವ ಸಾಕ್ಷಿಯಿರಲಿಲ್ಲ, ಆದರೂ ನಂಬುತ್ತಿದ್ದರು. ನಂಬಿದರೆ ಮುಂದಿನ ಪ್ರಶ್ನೆ ಒಂದೇ. ಹೊಡೆದದ್ದು ಇವನಿಗೆ ಯಾಕೆ ಕೇಳಿಸಲಿಲ್ಲ? ಹಿರ್ಮಾ ಚಾಚಿ ನೆಲ ನೋಡುತ್ತಿದ್ದಳು. ಸಿಮೆಂಟಿನ ನೆಲ, ಅಲ್ಲಿ ಎಷ್ಟು ಒದ್ದರೂ ಮಂಚದವರೆಗೆ ತಲುಪುತ್ತಿರಲಿಲ್ಲ.

"ಇಲ್ಲ ಸಾಬ್" ಎಂದ ಟಿಕಮ್. "ಮರೆತೆ. ನಲವತ್ತೆರಡು ದಿನದ ಅಭ್ಯಾಸ."

"ಓದಿದ ನನ್ಮಗ" ಎಂದ ನೋಕ್‌ಸಿಂಗ್, ಬೈಗುಳದಲ್ಲೂ ದಣಿವಿತ್ತು. "ದೇವರು ಬಂದ ಮೇಲೂ ಮೌನವ್ರತ."

ಟಿಕಮ್‌ನನ್ನು ಗಾಡಿಯಿಂದ ಇಳಿಸಿ ಗೋದಾಮಿಗೆ ಹಾಕಿದರು. ಸಿಲಿಂಡರ್ ಎತ್ತುವುದು, ಇಳಿಸುವುದು. ಬಜಾರಿನವರು ಅವನಿಗೆ ಮೌನಿ ಬಾಬಾ ಎಂದು ಹೆಸರಿಟ್ಟರು. ಬಿ.ಎ. ಎಂದು ಕರೆಯುವವರು ಯಾರೂ ಉಳಿಯಲಿಲ್ಲ. ಆ ಪದವಿಯೂ ಹೋಯಿತು ಎಂದುಕೊಂಡ. ಬಯ್ದವರ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಅವರು ಹೇಳುತ್ತಿದ್ದದ್ದು ಸುಳ್ಳು. ಆದರೆ ತಪ್ಪು ಅವನದೇ, ಮತ್ತು ಅವರು ಬಯ್ಯುತ್ತಿದ್ದುದಕ್ಕಿಂತ ದೊಡ್ಡದು. ಹಾರ್ನ್ ಮರೆತವನನ್ನಾದರೂ ಕ್ಷಮಿಸಬಹುದು. ಕೇಳಿಸದವನೆಂದು ಗೊತ್ತಿದ್ದೂ ಅವನಿಗೆ ಹಾರ್ನ್ ಹೊಡೆದು ಹೋದವನನ್ನು?

ಭಾನುವಾರ ಒಬ್ಬನೇ ಆಸ್ಪತ್ರೆಗೆ ಹೋದ. ಖೂಬ್‌ರಾಮ್ ಎರಡೇ ವಾರದಲ್ಲಿ ಅರ್ಧ ಆಗಿದ್ದ. ಎದೆಗೆ ನೀರು ತುಂಬುತ್ತಿದೆ ಎಂದಿದ್ದರು ಡಾಕ್ಟರು. ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು, ರಸ್ತೆ ಕಾಣುತ್ತಿರಲಿಲ್ಲ. ಚಾಚಿ ಔಷಧಿಗೆ ಹೋಗಿದ್ದಳು.

"ಗೋದಾಮು ಹೇಗಿದೆ?" ಎಂದು ಕೇಳಿದ.

ಟಿಕಮ್ ಸೊಂಟಕ್ಕೆ ಕೈಯಿಟ್ಟು ಮುಖ ಹಿಂಡಿ ತೋರಿಸಿದ. ಖೂಬ್‌ರಾಮ್ ನಕ್ಕು, ಕೆಮ್ಮಿದ. ಕೆಮ್ಮು ನಿಂತ ಮೇಲೆ ಹೊದಿಕೆಯನ್ನು ಎದೆಗೆ ಎಳೆದುಕೊಂಡ. ಆಮೇಲೆ, ಅವನ ಬಾಯಿಂದ ಟಿಕಮ್ ಎಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ ಹೇಳಿದ.

"ಕಲ್ಲು ಇಟ್ಟಿದ್ದೆ."

ಟಿಕಮ್ ತಲೆ ತಗ್ಗಿಸಿದ.

"ದೇವರು ಬಂದದ್ದು ಗೊತ್ತಿತ್ತು ನಂಗೆ. ಆದ್ರೂ ಇಟ್ಟೆ. ಬೇರೆ ಯಾರಾದ್ರೂ ಬಂದ್ರೆ ನಗ್ತಾರೆ, ನಗ್ಲಿ. ನೀನು ಬಂದ್ರೆ ಅರ್ಥ ಮಾಡ್ಕೋತೀಯ ಅಂದ್ಕೊಂಡೆ."

ಎರಡು ವರ್ಷ ಹೆಂಡತಿಗೂ ಹೇಳದ ಮಾತನ್ನು ಅವನು ಒಂದು ಕಲ್ಲಿನಲ್ಲಿ ಟಿಕಮ್‌ಗೆ ಹೇಳಿದ್ದ. ಟಿಕಮ್ ಅದನ್ನು ನೋಡಿ ನಕ್ಕಿದ್ದ.

"ಕಲ್ಲು ಕಾಣಿಸ್ಲಿಲ್ವಾ?"

"ಕಾಣಿಸ್ತು" ಎಂದ ಟಿಕಮ್ ಮಂಚದ ಅಂಚಿಗೆ ಹೇಳಿದಂತೆ, ತಲೆಯೆತ್ತದೆ. "ಕಾಣಿಸ್ತು ಉಸ್ತಾದ್. ಹಾರ್ನ್ ಹೊಡೆದು ಬಂದೆ."

ಖೂಬ್‌ರಾಮ್ ಕುತ್ತಿಗೆ ಚಾಚಿ ಅವನ ತುಟಿ ಹುಡುಕಿದ. "ಏನಂದೆ?"

ಟಿಕಮ್ ಮುಖ ಎತ್ತಿದ. ಇನ್ನೊಮ್ಮೆ ಹೇಳುವ ಧೈರ್ಯ ಅವನ ಹತ್ತಿರ ಇರಲಿಲ್ಲ. ಇದ್ದಿದ್ದರೆ ಪೊಲೀಸ್ ಆಗಿರುತ್ತಿದ್ದ.

"ಟೀ ತರ್ಲಾ ಅಂದೆ."

"ತಾ. ಸಕ್ಕರೆ ಜಾಸ್ತಿ ಹಾಕ್ಸು. ಇಲ್ಲಿಯವರದ್ದು ಟೀ ಅಲ್ಲ, ತೊಳೆದ ನೀರು."

ತಂದ. ಖೂಬ್‌ರಾಮ್ ಎರಡು ಗುಟುಕು ಕುಡಿದು ಲೋಟ ಅವನ ಕೈಗೆ ಕೊಟ್ಟು ಮಲಗಿದ. ಬುಧವಾರ ತೀರಿಕೊಂಡ.

ದೇಹವನ್ನು ಧಾರಾಗಿಗೆ ಒಯ್ಯುವ ದಿನ ಎಲ್ಲ ಡ್ರೈವರುಗಳೂ ಗಾಡಿ ತಂದರು. ಮುಂದೆ ನೋಕ್‌ಸಿಂಗ್‌ನ ಹಾಲಿನ ಗಾಡಿಯಲ್ಲಿ ದೇಹ, ಹಿರ್ಮಾ ಚಾಚಿ. ಹಿಂದೆ ಹದಿಮೂರು ಗಾಡಿಗಳು. ಕೊನೆಯದರ ಡ್ರೈವರಿಗೆ ಜ್ವರ. ಚಿತೆಯ ಸೌದೆ ತುಂಬಿದ ಆ ಗಾಡಿಯನ್ನು ಟಿಕಮ್‌ಗೆ ಕೊಟ್ಟರು, ಬೇರೆ ಯಾರೂ ಇರಲಿಲ್ಲ. ಮೊಣಕೈ ತಿರುವಿನಲ್ಲಿ ಎಲ್ಲ ನಿಂತವು. ಡ್ರೈವರ್ ಸತ್ತರೆ ಅವನ ಕೊನೆಯ ತಿರುವಿನಲ್ಲಿ ಎಲ್ಲರೂ ಒಟ್ಟಿಗೆ ಹಾರ್ನ್ ಹೊಡೆಯುವುದು ರೂಢಿ. ನೋಕ್‌ಸಿಂಗ್ ಇಳಿದು ಒಂದೊಂದು ಗಾಡಿಯ ಹತ್ತಿರವೂ ಬಂದು ಹೇಳುತ್ತ ಹೋದ. ಕೊನೆಗೆ ಟಿಕಮ್‌ನ ಕಿಟಕಿಗೆ ಬಂದ.

"ಇವತ್ತಾದ್ರೂ ಒತ್ತು" ಎಂದ.

ಟಿಕಮ್ ಒತ್ತಿದ. ಹದಿನಾಲ್ಕು ಗಾಡಿಗಳ ಸದ್ದು ಎದುರಿನ ಬೆಟ್ಟಕ್ಕೆ ಬಡಿದು, ಮರಳಿ ಬಂದು, ಇನ್ನೊಂದು ಬೆಟ್ಟಕ್ಕೆ ಹೋಯಿತು. ಎಲ್ಲರೂ ನಿಲ್ಲಿಸಿದ ಮೇಲೂ ಅವನು ಒತ್ತಿಯೇ ಇದ್ದ. ಮುಂದಿನ ಗಾಡಿಯವನು ತಿರುಗಿ ನೋಡಿದಾಗ ಕೈ ತೆಗೆದ.

ಗಾಡಿಗಳು ಒಂದೊಂದಾಗಿ ಹೊರಟವು. ಹಿಮ ಕರಗಿ ರಸ್ತೆ ಕಪ್ಪಗಾಗಿತ್ತು. ಮೋಟುಗೋಡೆಯ ಮೇಲೆ ಕಲ್ಲು ಹಾಗೇ ಇತ್ತು. ಇಷ್ಟು ದಿನ ಎಷ್ಟೋ ಜನ ಆ ದಾರಿಯಲ್ಲಿ ಹೋಗಿ ಬಂದಿದ್ದರು, ಯಾರೂ ಮುಟ್ಟಿರಲಿಲ್ಲ. ಇಟ್ಟವನೇ ತೆಗೆಯಬೇಕು.

ಟಿಕಮ್ ಎಂಜಿನ್ ನಿಲ್ಲಿಸಿದ. ಮೇಲಿನ ಬಾಗಿನಲ್ಲಿ ಕೊನೆಯ ಗಾಡಿಯೂ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಮೇಲಿಂದ ನೋಕ್‌ಸಿಂಗ್‌ನ ಹಾರ್ನ್ ಕೇಳಿಸಿತು, ಸೌದೆ ಎಲ್ಲಿ ಎಂದು. ಮತ್ತೊಮ್ಮೆ ಕೇಳಿಸಿತು. ಅವನು ಕಲ್ಲು ನೋಡುತ್ತ ಕಾಯುತ್ತಲೇ ಇದ್ದ.